ಪಿಸುಮಾತಿನ ಇಂಗ್ಲಿಷ್

ತಾವೊ ಅವರ ಮನೆಯಲ್ಲಿ ನಾನು ಅಡುಗೆಯವಳು. ಲಿಫ್ಟಿನಲ್ಲಿ, ಗೇಟಿನ ಕಾವಲುಗಾರನೆದುರು, ಕೆಳಗೆ ಬಟ್ಟೆ ಹರವುವ ಹೆಂಗಸರ ನಡುವೆ ನನ್ನ ಹೆಸರು ಫೆಂಗ್ ಅಕ್ಕ. ಬಾಗಿಲು ಮುಚ್ಚಿ, ಚಿಲಕ ಹಾಕಿ, ಅದರ ಮೇಲೆ ರಜಾಯಿ ಇಳಿಬಿಟ್ಟ ಮೇಲೆ ಮಾತ್ರ ನಾನು ಫೆಂಗ್ ಮೇಡಂ ಆಗುತ್ತೇನೆ. ಒಂಬತ್ತನೇ ತರಗತಿಗೆ ಇಂಗ್ಲಿಷ್ ವ್ಯಾಕರಣ ಮತ್ತು ಪದಾಭ್ಯಾಸ. ಚೀಲದಲ್ಲಿ ಮೇಲೆ ಈರುಳ್ಳಿ ಸೊಪ್ಪು, ಕೆಳಗೆ ಅಭ್ಯಾಸ ಪುಸ್ತಕಗಳು. ಮೀನು ತಂದರೆ ಭೂತಕಾಲದ ಪಾಠವೆಲ್ಲ ವಾಸನೆ ಹೊಡೆಯುತ್ತದೆ ಎಂಬುದು ಮೊದಲ ವಾರದಲ್ಲೇ ಗೊತ್ತಾಯಿತು.

ಸರ್ಕಾರ ಟ್ಯೂಷನ್ ನಿಷೇಧಿಸಿದ ವರ್ಷ ನಮ್ಮ ಊರಿನ ಪಾಠದ ಅಂಗಡಿಗಳ ಬೋರ್ಡುಗಳೆಲ್ಲ ಒಂದೇ ಬೇಸಿಗೆಯಲ್ಲಿ ಕೆಳಗಿಳಿದವು. ಪರೀಕ್ಷೆಯನ್ನು ಮಾತ್ರ ಯಾರೂ ಕೆಳಗಿಳಿಸಲಿಲ್ಲ. ಒಂಬತ್ತನೇ ತರಗತಿಯ ಕೊನೆಗೆ ಹತ್ತಿರ ಹತ್ತಿರ ಅರ್ಧ ಮಕ್ಕಳು ಹಿರಿಯ ಶಾಲೆಗೆ ಹೋಗುತ್ತಾರೆ, ಅಲ್ಲಿಂದ ವಿಶ್ವವಿದ್ಯಾಲಯದ ದಾರಿ ಕಾಣುತ್ತದೆ. ಉಳಿದರ್ಧ ಕಸುಬಿನ ಶಾಲೆಗೆ, ಅಲ್ಲಿಂದ ಫ್ಯಾಕ್ಟರಿಯ ಗೇಟು ಕಾಣುತ್ತದೆ. ಹಾಗಾಗಿ ತಾಯಂದಿರು ಮೇಷ್ಟರನ್ನು ಬಿಡಲಿಲ್ಲ, ಹೆಸರನ್ನಷ್ಟೇ ಬದಲಿಸಿದರು. ನನ್ನ ಜತೆ ಗಣಿತ ಹೇಳುತ್ತಿದ್ದವರು ಈಗ ಏಸಿ ರಿಪೇರಿಯವರು. ಒಂದೇ ಮನೆಯ ಏಸಿ ವಾರಕ್ಕೆ ಎರಡು ಸಲ ಕೆಡುತ್ತದೆ, ಚಳಿಗಾಲದಲ್ಲೂ.

ಕೆಳಗಿನ ಫ್ಲ್ಯಾಟಿನಲ್ಲಿ ಗುವೊ ಅಂತ ಒಬ್ಬರಿದ್ದಾರೆ. ಧಾನ್ಯದ ಗೋದಾಮಿನ ಮೇಲ್ವಿಚಾರಕರಾಗಿ ನಿವೃತ್ತರಾದವರು, ಈಗ ಕಟ್ಟಡದ ಸಮಿತಿಯವರು. ಲಿಫ್ಟ್ ಅವರ ಕಚೇರಿ.

"ಏನು ಫೆಂಗ್ ಅಕ್ಕ, ಇವತ್ತೂ ಈರುಳ್ಳಿ ಸೊಪ್ಪೇನಾ?"

"ಮಗೂಗೆ ಇಷ್ಟ ಸಾಹೇಬ್ರೇ."

"ಎರಡು ವರ್ಷದಿಂದಾನಾ? ನಮ್ಮ ಮನೇಲಿದ್ದ ಮೊಲ ಕೂಡ ಇಷ್ಟು ದಿನ ಒಂದೇ ಸೊಪ್ಪು ತಿನ್ನಲಿಲ್ಲ."

"ಏನಾಯ್ತು ಸಾಹೇಬ್ರೇ ಆ ಮೊಲ?"

"ತಿಂದ್ವಿ."

ಮಗು ಅಂದರೆ ಯಿನಿಂಗ್, ಹದಿನೈದರ ಹುಡುಗಿ. ತಂದೆ ತಾವೊ ಸರಕು ಹಡಗಿನಲ್ಲಿ, ವರ್ಷಕ್ಕೊಮ್ಮೆ ಬರುತ್ತಾರೆ. ತಾಯಿ ಸುಯ್‌ಪಿಂಗ್ ರಜಾಯಿ ಫ್ಯಾಕ್ಟರಿಯಲ್ಲಿ ಹೊಲಿಗೆ ಪರೀಕ್ಷಿಸುವವಳು. ಬಾಗಿಲಿನ ಮೇಲೆ ಇಳಿಬಿಟ್ಟದ್ದೂ, ಕಿಟಕಿಯ ಸಂದಿಗೆ ತುರುಕಿದ್ದೂ, ಕೋಣೆಯ ಗೋಡೆಗೆ ಮೊಳೆ ಹೊಡೆದದ್ದೂ ಅವಳೇ ತಿರಸ್ಕರಿಸಿದ ರಜಾಯಿಗಳು. ಅದರೊಳಗೆ ನಾವು ಎರಡು ವರ್ಷ ಪಿಸುಗುಟ್ಟಿದೆವು. ಉಕ್ತಲೇಖನಕ್ಕೆ ನಾನು ತುಟಿ ಆಡಿಸಿದರೆ ಸಾಕು, ಅವಳು ಬರೆಯುತ್ತಿದ್ದಳು. ಕ್ರಿಯಾಪದ ತಪ್ಪಿದರೆ ಹುಬ್ಬೇರಿಸುತ್ತಿದ್ದೆ. ಬಹುವಚನ ಮರೆತರೆ ಪೆನ್ಸಿಲಿನಿಂದ ಮೇಜನ್ನು ಒಮ್ಮೆ ಮುಟ್ಟುತ್ತಿದ್ದೆ. ಅವಳ ಬರಹ ಅಚ್ಚಿನ ಅಕ್ಷರದಂತೆ ಗುಂಡಗೆ. ಉತ್ತರ ಪತ್ರಿಕೆ ನೋಡುವವರಿಗೆ ಓದಲು ಪುರಸೊತ್ತಿಲ್ಲ, ನೋಡಲು ಮಾತ್ರ ಇರುತ್ತದೆ ಎಂದು ನಾನೇ ತಿದ್ದಿಸಿದ್ದು. ನಮ್ಮ ಮಕ್ಕಳೆಲ್ಲ ಎಂದೂ ಕಾಣದ ವಿದೇಶಿ ಗೆಳೆಯನೊಬ್ಬನಿಗೆ ಪರೀಕ್ಷೆಯಲ್ಲಿ ಪತ್ರ ಬರೆಯುತ್ತಾರೆ, ನಿನ್ನ ಉತ್ತರಕ್ಕಾಗಿ ಕಾಯುತ್ತಿದ್ದೇನೆ ಎಂದು ಮುಗಿಸುತ್ತಾರೆ. ಅಂಥ ಪತ್ರ ಯಿನಿಂಗ್‌ನಷ್ಟು ಚೆಂದವಾಗಿ ಬರೆಯುವವರು ಅವಳ ಶಾಲೆಯಲ್ಲಿ ಇರಲಿಲ್ಲ.

ಬರವಣಿಗೆಯೆಲ್ಲ ಮುಗಿದ ಮೇಲೆ ಕೊನೆಗೆ ಮಾತಿನ ಪರೀಕ್ಷೆ. ಮಕ್ಕಳನ್ನು ಕಂಪ್ಯೂಟರ್ ಕೋಣೆಯಲ್ಲಿ ಸಾಲಾಗಿ ಕೂರಿಸಿ, ಕಿವಿಗೆ ಹೆಡ್‌ಫೋನ್, ಬಾಯಿಗೆ ಮೈಕು ಕೊಡುತ್ತಾರೆ. ಗಂಟೆ ಹೊಡೆದ ಕೂಡಲೇ ಎಲ್ಲರೂ ಒಟ್ಟಿಗೆ ಇಂಗ್ಲಿಷ್ ಮಾತಾಡಲು ಶುರು ಮಾಡಬೇಕು. ಕೇಳಿಸಿಕೊಳ್ಳುವುದು ಮನುಷ್ಯರಲ್ಲ, ಯಂತ್ರ. ಅಂಕವನ್ನೂ ಅದೇ ಕೊಡುತ್ತದೆ. ಜೂನ್ ಹತ್ತಿರವಾದಾಗ ಶಾಲೆಯಲ್ಲಿ ಅದರದೊಂದು ತಾಲೀಮು ನಡೆಯಿತು. ಮಾರನೆಯ ದಿನ ಸುಯ್‌ಪಿಂಗ್ ಕೂದಲಿಗೆ ಅಂಟಿದ ಹತ್ತಿಯ ಎಳೆಗಳನ್ನೂ ತೆಗೆಯದೆ ಫ್ಯಾಕ್ಟರಿಯಿಂದ ಓಡಿ ಬಂದಳು. ಶಾಲೆಯಿಂದ ಫೋನಿಗೆ ಬಂದ ಫಲಿತಾಂಶವನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಇದೇನು ಮೇಡಂ? ಮೊದಲನೇ ಪ್ರಶ್ನೆ, ಧ್ವನಿ ಸಿಗಲಿಲ್ಲ. ಎರಡನೇದು, ಧ್ವನಿ ಸಿಗಲಿಲ್ಲ. ಪೂರ್ತಿ ಧ್ವನಿ ಸಿಗಲಿಲ್ಲ! ನನ್ನ ಮಗಳೇನು ಮೂಗೀನಾ?"

"ಮೈಕ್ ಕೆಟ್ಟಿರಬೇಕು."

"ಮೈಕ್ ಸರಿ ಇದೆ. ಒಂದು ಕಡೆ ಮಾತ್ರ ಧ್ವನಿ ಸಿಕ್ಕಿದೆ, ನೋಡಿ. ಅದು ಪಕ್ಕದ ಹುಡುಗಂದು. ಅವನ ಉತ್ತರ ಇವಳ ಹೆಸರಲ್ಲಿ ತಪ್ಪು ಅಂತ ಬಂದಿದೆ!"

ಯಿನಿಂಗ್ ಕಲ್ಲಂಗಡಿ ತಿನ್ನುತ್ತಿದ್ದಳು. ಬೀಜವನ್ನು ಅಂಗೈಗೆ ಉಗುಳಿ, "ನಾನು ಓದಿದೆ. ಎಲ್ಲಾನೂ ಓದಿದೆ" ಅಂದಳು.

"ಹೇಗೆ ಓದಿದೆ?" ನಾನು ಕೇಳಿದೆ.

"ಇಲ್ಲಿ ಓದೋ ಹಾಗೇ."

ನಾನೂ ಸುಯ್‌ಪಿಂಗೂ ಗೋಡೆಯ ಮೇಲಿನ ರಜಾಯಿಗಳನ್ನು ನೋಡಿದೆವು. ಅವು ದಪ್ಪಗಿದ್ದವು, ಒಳ್ಳೆಯ ಕೆಲಸ ಮಾಡಿದ್ದವು.

ಸುಯ್‌ಪಿಂಗ್ ನೆಲದ ಮೇಲೆ ಕುಳಿತಳು. ಮಾತಿನ ಅಂಕ ಸೊನ್ನೆಯಾದರೆ ಉಳಿದ ವಿಷಯಗಳಲ್ಲಿ ಎಷ್ಟೇ ಬಂದರೂ ಹಿರಿಯ ಶಾಲೆಯ ಗೆರೆ ದಾಟುವುದಿಲ್ಲ ಎಂಬ ಲೆಕ್ಕವನ್ನು ಅವಳು ದಾರಿಯಲ್ಲೇ ಹಾಕಿ ಮುಗಿಸಿದ್ದಳು. "ಬಿಡಿ. ಕಸುಬಿನ ಶಾಲೆಗೆ ಹಾಕಿ, ಹೊಲಿಗೆ ಕಲಿಸಿ, ನನ್ನ ಪಕ್ಕದ ಮಿಷಿನ್ನಲ್ಲೇ ಕೂರಿಸ್ಕೋತೀನಿ. ಅಲ್ಲಂತೂ ಯಾರ ಧ್ವನೀನೂ ಯಾರಿಗೂ ಕೇಳ್ಸಲ್ಲ."

"ಅಮ್ಮ, ಸುಮ್ನಿರು."

"ನಾನ್ ಸುಮ್ನಿರ್ತೀನಿ, ನೀನ್ ಬಾಯ್ಬಿಡು!"

ಅಂದಿನಿಂದ ನಮ್ಮ ಕೆಲಸ ತಿರುಗುಮುರುಗಾಯಿತು. ಎರಡು ವರ್ಷ ಸದ್ದು ಮುಚ್ಚುವುದಕ್ಕೆ ಏನೇನು ಮಾಡಿದ್ದೆವೋ, ಈಗ ಅದನ್ನು ಹೊರತೆಗೆಯಲು ಮಾಡಬೇಕಾಯಿತು. ಅದೂ ಹೊರಗಿನವರಿಗೆ ಕೇಳದ ಹಾಗೆ. ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟು ಓದಿಸಿದೆವು. ನೀರಿನ ಸದ್ದಷ್ಟೇ ಕೇಳಿತು. ಸುಯ್‌ಪಿಂಗ್‌ಳ ತಮ್ಮನ ಕಾರು ಎರವಲು ತಂದು, ನೆಲಮಾಳಿಗೆಯ ಕತ್ತಲಲ್ಲಿ ಗಾಜು ಏರಿಸಿ ಕೂರಿಸಿದೆವು. ಯಿನಿಂಗ್ ಪುಸ್ತಕ ಹಿಡಿದು ತುಟಿ ಆಡಿಸಿದಳು. ಉಗುರು ಕಚ್ಚುವ ಸದ್ದು ಅದಕ್ಕಿಂತ ಜೋರು. ಸುಯ್‌ಪಿಂಗ್ ತಾಳ್ಮೆ ಕಳೆದುಕೊಂಡು ಕೂಗಿದಳು. ಕೂಡಲೇ ಕಾವಲುಗಾರ ಟಾರ್ಚಿನಿಂದ ಗಾಜು ತಟ್ಟಿದ.

"ಏನ್ರೀ ಅದು? ಮಗೂಗೆ ಹೊಡೀತಿದೀರಾ?"

"ಇಲ್ಲಪ್ಪ, ಮಾತಾಡಿಸ್ತಿದೀನಿ!"

"ಮನೇಲಿ ಮಾತಾಡ್ಸಕ್ಕಾಗಲ್ವಾ?"



ನದಿಯ ದಂಡೆಗೆ ಕರೆದೊಯ್ದೆವು. ಅಲ್ಲಿ ಸಂಜೆ ನಡುವಯಸ್ಸಿನ ಹೆಂಗಸರೆಲ್ಲ ಸ್ಪೀಕರ್ ಹಾಕಿ ಸಾಲಾಗಿ ಕುಣಿಯುತ್ತಾರೆ. ಪಕ್ಕದಲ್ಲಿ ಫಿರಂಗಿ ಹಾರಿಸಿದರೂ ಯಾರೂ ತಿರುಗುವುದಿಲ್ಲ. ಯಿನಿಂಗ್ ಪುಸ್ತಕ ತೆರೆದಳು, ಕಣ್ಣು ಮಾತ್ರ ಅತ್ತಿತ್ತ ಓಡಿತು, ಗಂಟಲಿನ ಸ್ನಾಯು ಎದ್ದು ನಿಂತಿತು, ಏನೂ ಬರಲಿಲ್ಲ. ಆದರೆ ಮನೆಗೆ ಮರಳುವಾಗ ಹಡಗಿನಿಂದ ಅಪ್ಪ ಫೋನು ಮಾಡಿ ಪರೀಕ್ಷೆಯ ವಿಷಯ ಎತ್ತಿದಾಗ ನಮ್ಮ ಭಾಷೆಯಲ್ಲಿ ಅವಳು ಅವರಿಗೆ ಕೊಟ್ಟ ಉತ್ತರ ದಾರಿಯ ಎರಡೂ ಬದಿಗೆ ಕೇಳಿಸಿತು. ಗಂಟಲಿಗೆ ಏನೂ ಆಗಿರಲಿಲ್ಲ. ಇಂಗ್ಲಿಷ್ ಬಂದ ಕೂಡಲೇ ಅದಕ್ಕೆ ಬೀಗ ಬೀಳುತ್ತಿತ್ತು.

ಬೈದದ್ದಾಯಿತು, ಹೊಸ ಫೋನಿನ ಆಸೆ ತೋರಿಸಿದ್ದಾಯಿತು, ಆಸ್ಪತ್ರೆಯಲ್ಲಿ ಗಂಟಲಿಗೆ ದೀಪ ಬಿಟ್ಟು ನೋಡಿಸಿದ್ದಾಯಿತು. ಒಂದು ಮಧ್ಯಾಹ್ನ ಸುಯ್‌ಪಿಂಗ್ ಮಗಳ ಮುಂದೆ ಮಂಡಿಯೂರಿ ಕುಳಿತಳು. "ಒಂದೇ ಒಂದು ವಾಕ್ಯ ಪುಟ್ಟಿ. ನನ್ನ ಹೆಸರು ಯಿನಿಂಗ್ ಅನ್ನು, ಸಾಕು. ಮೂರನೇ ಕ್ಲಾಸಿನ ಮಗು ಹೇಳುತ್ತೆ ಅದನ್ನ." ಯಿನಿಂಗ್ ತಾಯಿಯ ತಲೆಯಿಂದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಬಿಡಿಸಿದಳು, ಬಾಯಿ ಬಿಡಲಿಲ್ಲ. ತಾಯಿಗೆ ಪಾಳಿಯ ಹೊತ್ತಾಯಿತು. ಎದ್ದು, ಮುಖ ತೊಳೆದು ಹೋದಳು.

ನಾವಿಬ್ಬರೇ ಉಳಿದ ಮೇಲೆ ಯಿನಿಂಗ್ ಕೇಳಿದಳು. "ಮೇಡಂ, ಆ ಹಳೇ ಮನೇಲಿ ನಾನು ಜೋರಾಗಿ ಓದಿದ್ದಕ್ಕೇ ಅಲ್ವಾ ಅವರು ಬಂದಿದ್ದು?"

ಅಡುಗೆಯವಳಾಗುವ ಮೊದಲು ನಾನು ತರಕಾರಿ ಮಾರುಕಟ್ಟೆಯ ಹಿಂದೆ ಒಂದು ಬಾಡಿಗೆ ಮನೆಯಲ್ಲಿ ಕದ್ದು ಪಾಠ ಹೇಳುತ್ತಿದ್ದೆ. ಯಿನಿಂಗ್ ಆಗ ಏಳನೇ ತರಗತಿ. ಆಗ ಅವಳಿಗೆ ಧ್ವನಿಯಿತ್ತು. ಒಂದು ದಿನ ಚೆನ್ನಾಗಿ ಓದಿದಳೆಂದು ಎದ್ದು ನಿಲ್ಲಿಸಿ ಎಲ್ಲರಿಗೂ ಕೇಳುವಂತೆ ಮತ್ತೊಮ್ಮೆ ಓದಿಸಿದ್ದೆ, ಮಕ್ಕಳು ಚಪ್ಪಾಳೆ ತಟ್ಟಿದ್ದರು. ಮಾರನೆಯ ದಿನ ಶಿಕ್ಷಣ ಇಲಾಖೆಯವರು ಬಾಗಿಲು ಬಡಿದರು. ದಂಡ ಕಟ್ಟಿದೆ, ಮನೆ ಖಾಲಿ ಮಾಡಿದೆ. ಎರಡು ವರ್ಷ ಈ ಹುಡುಗಿ ಇದನ್ನು ತಲೆಯಲ್ಲಿಟ್ಟುಕೊಂಡು ನನ್ನೆದುರು ಕುಳಿತು ಪಿಸುಗುಟ್ಟುತ್ತಿದ್ದಳು.

"ಅದಕ್ಕಲ್ಲ ಕಣೆ! ಚಪ್ಪಲಿಯಿಂದ."

"ಯಾವ ಚಪ್ಪಲಿ?"

"ನಿಮ್ದೇ. ಬಾಗಿಲ ಹೊರಗೆ ಬಿಟ್ಟಿದ್ರಲ್ಲ, ಎಲ್ಲ ಒಂದೇ ಥರದ ಸ್ಕೂಲ್ ಬೂಟು, ಸಾಲಾಗಿ, ಮೂತಿ ಹೊರಗೆ ಮಾಡಿ. ದಾರೀಲಿ ಹೋಗೋರಿಗೆ ಬೋರ್ಡ್ ಹಾಕಿದ ಹಾಗಿತ್ತು."

ನಿಜವಾಗಿ ಅದೇ ಆಗಿತ್ತು. ಪರದೆ ಎಳೆದಿದ್ದೆ, ಕರೆಗಂಟೆಯ ತಂತಿ ಕಿತ್ತಿದ್ದೆ, ಮಕ್ಕಳಿಗೆ ಒಬ್ಬೊಬ್ಬರಾಗಿ ಬರಲು ಹೇಳಿದ್ದೆ. ಬೂಟು ಒಳಗೆ ತರಬೇಕೆಂಬುದು ನನಗೂ ಹೊಳೆಯಲಿಲ್ಲ, ಅವರಿಗೂ ಹೊಳೆಯಲಿಲ್ಲ. ಸಿಕ್ಕಿಬೀಳುವ ಭಯಕ್ಕಿಂತ ನೆಲ ಕೊಳೆಯಾಗುವ ಭಯ ನಮ್ಮವರಿಗೆ ದೊಡ್ಡದು.

"ನಾನು ಓದಲಿ ಅಂತ ಹೀಗೆ ಹೇಳ್ತಿದೀರಿ."

"ಆ ಅಧಿಕಾರೀನೇ ಹೇಳಿದ್ದು ಮಾರಾಯ್ತಿ, ರಸೀದಿ ಕೊಡೋವಾಗ. 'ಚಪ್ಪಲಿ ನೋಡಿ ಬಂದ್ವಿ' ಅಂತ."

"ದೊಡ್ಡವರು ಏನು ಬೇಕಾದ್ರೂ ಹೇಳ್ತಾರೆ" ಎಂದಳು ಯಿನಿಂಗ್. "ನಾನು ಜೋರಾಗಿ ಓದಿದ್ರೆ ಮತ್ತೆ ಬರ್ತಾರೆ. ಈ ಸಲ ನಿಮ್ಮನ್ನ ಕರ್ಕೊಂಡೇ ಹೋಗ್ತಾರೆ."

ಮನೆಯಲ್ಲಿ ಓದಿದರೆ ಬಂದಾರು, ಪರೀಕ್ಷಾ ಕೋಣೆಯಲ್ಲಿ ಓದಿದರೆ ಯಾಕೆ ಬರುತ್ತಾರೆ ಎಂದು ಕೇಳಿದೆ. ಅದು ಗೊತ್ತು ಎಂದಳು. ಗೊತ್ತಿದ್ದರೂ ಇಂಗ್ಲಿಷ್ ಅಕ್ಷರ ಕಂಡ ಕೂಡಲೇ ಗಂಟಲು ಹಾಗೆ ಮಾಡುತ್ತದೆ, ತನ್ನನ್ನು ಕೇಳುವುದಿಲ್ಲ ಎಂದಳು. ವ್ಯಾಕರಣದಲ್ಲಿ ಇದಕ್ಕೆ ನಿಯಮವಿಲ್ಲ. ನಾನು ಕಲಿಸಿದ ಯಾವ ಪಾಠವೂ ಅವಳು ಇಷ್ಟು ಗಟ್ಟಿಯಾಗಿ ಕಲಿತಿರಲಿಲ್ಲ.

ಪರೀಕ್ಷೆಗೆ ಒಂದು ವಾರವೂ ಉಳಿದಿರಲಿಲ್ಲ. ಒಂದೇ ದಾರಿ ತೋಚಿತು. ಜೋರಾಗಿ ಓದಬೇಕು, ಕಿಟಕಿ ತೆರೆದಿರಬೇಕು, ಯಾರೂ ಬರಬಾರದು. ಅದನ್ನು ಅವಳು ಕಣ್ಣಾರೆ ನೋಡಬೇಕು. ಅವಳು ಓದುವುದಿಲ್ಲವಾದ್ದರಿಂದ ನಾನೇ ಓದಬೇಕು.

"ನಿಮಗೆ ತಲೆ ಸರಿ ಇದೆಯಾ ಮೇಡಂ?" ಎಂದಳು ಸುಯ್‌ಪಿಂಗ್. "ಕೆಳಗೆ ಗುವೊ ಇದಾರೆ. ಆ ಮನುಷ್ಯನಿಗೆ ಇರುವೆ ಕೆಮ್ಮಿದ್ರೂ ಕೇಳ್ಸುತ್ತೆ."

"ಬೇರೆ ಉಪಾಯ ಇದ್ರೆ ಹೇಳು."

"ಹಾಗಾದ್ರೆ ಮಧ್ಯಾಹ್ನ ಓದಿ. ಊಟ ಆಗಿ ಎಲ್ಲರೂ ಮಲಗಿರ್ತಾರೆ" ಅಂದಳು. ಇದು ಜಾಣತನವೆಂದು ನಮ್ಮಿಬ್ಬರಿಗೂ ಅನ್ನಿಸಿತು. ಊರೆಲ್ಲ ಮಲಗಿದಾಗ ಒಬ್ಬಳು ಕೂಗಿದರೆ ಅದು ಎಷ್ಟು ಜೋರಾಗಿ ಕೇಳುತ್ತದೆ ಎಂಬುದು ಆ ಕ್ಷಣ ಯಾರಿಗೂ ಹೊಳೆಯಲಿಲ್ಲ.

ಮರುದಿನ ಮಧ್ಯಾಹ್ನ ಸಂದಿಯ ರಜಾಯಿ ಕಿತ್ತು, ಕಿಟಕಿ ತೆರೆದು, ಪುಸ್ತಕ ಹಿಡಿದು ನಿಂತೆ. ಮಕ್ಕಳು ಹೊಲಕ್ಕೆ ಪ್ರವಾಸ ಹೋಗಿ ಸ್ಟ್ರಾಬೆರಿ ಕಿತ್ತ ಪಾಠ. ಬಾಯಿ ತೆರೆದೆ. ಪಿಸುಮಾತು ಬಂತು. ಮತ್ತೆ ಪ್ರಯತ್ನಿಸಿದೆ, ಮತ್ತೆ ಪಿಸುಮಾತೇ. ಒಂದು ಕಾಲದಲ್ಲಿ ನಾನು ಮೈಕಿಲ್ಲದೆ ದೊಡ್ಡ ಹಾಲಿಗೆ ಪಾಠ ಹೇಳಿದವಳು. ಯಿನಿಂಗ್ ನನ್ನನ್ನೇ ನೋಡುತ್ತಿದ್ದಳು, ಅವಳ ಮುಖದಲ್ಲಿ ಕಂಡದ್ದು ಕನಿಕರ. ಅದನ್ನು ತಡೆಯಲಾರದೆ ಮೂರನೆಯ ಸಲ ಹೊಟ್ಟೆಯಿಂದ ಕೂಗಿದೆ. ಸ್ಟ್ರಾಬೆರಿಗಳು ಎದುರು ಕಟ್ಟಡಕ್ಕೆ ಬಡಿದು ವಾಪಸಾದವು. ಎಲ್ಲೋ ಒಂದು ನಾಯಿ ಬೊಗಳಿತು. ಪಾಠ ಮುಗಿಯುವವರೆಗೆ ಓದಿದೆ.

ಆಮೇಲೆ ಮೂವರೂ ಬಾಗಿಲನ್ನು ನೋಡುತ್ತ ಕುಳಿತೆವು. ಜೀರುಂಡೆಗಳು ಕಿರುಗುಟ್ಟುತ್ತಿದ್ದವು. ಸುಯ್‌ಪಿಂಗ್ ಅಂಗಿಯ ತುದಿ ಹಿಂಡುತ್ತಿದ್ದಳು. "ನೋಡಿದ್ಯಾ? ಯಾರೂ ಬರಲಿಲ್ಲ" ಅಂದೆ.

ಬಾಗಿಲು ಬಡಿದ ಸದ್ದಾಯಿತು.

ಸುಯ್‌ಪಿಂಗ್ ನನ್ನನ್ನು ಅಡುಗೆಮನೆಗೆ ತಳ್ಳಿ ಕದ ಎಳೆದಳು. ಬಾಗಿಲು ತೆರೆದದ್ದು ಕೇಳಿಸಿತು, ಆಮೇಲೆ ಗುವೊ ಅವರ ಧ್ವನಿ. ಸಂದಿಯಿಂದ ಇಣುಕಿದೆ. ಬನಿಯನ್ನಿನಲ್ಲೇ ಬಂದಿದ್ದರು, ಕೆನ್ನೆಯ ಮೇಲೆ ದಿಂಬಿನ ಗೆರೆ ಇನ್ನೂ ಇತ್ತು.

"ಯಾರದು ನಿದ್ದೆ ಹೊತ್ತಲ್ಲಿ ಇಂಗ್ಲಿಷ್ ಕಿರಿಚಿದ್ದು?"

"ಟಿವಿ ಸಾಹೇಬ್ರೇ" ಎಂದಳು ಸುಯ್‌ಪಿಂಗ್.

"ನಾನು" ಎಂದಳು ಯಿನಿಂಗ್, ಅದೇ ಕ್ಷಣಕ್ಕೆ.

"ಟಿವಿನೋ, ಇವಳೋ? ಯಾವುದಾದ್ರೂ ಒಂದು ಹೇಳಿ. ನನಗೆ ಕೇಳ್ಸಿದ್ದು ವಯಸ್ಸಾದ ಹೆಂಗಸಿನ ಗಂಟಲು." ಅಡುಗೆಮನೆಯಲ್ಲಿ ನನಗೆ ಆ ಹೊತ್ತಿನಲ್ಲೂ ಆ ವಿಶೇಷಣ ಚುಚ್ಚಿತು. "ಮನೇಲಿ ಇನ್ಯಾರಿದಾರೆ? ಅಡುಗೆಯವಳು ಇಂಗ್ಲಿಷ್ ಓದ್ತಾಳಾ?"

"ನಾನೇ ತಾತ ಓದಿದ್ದು. ಪರೀಕ್ಷೆಗೆ."

"ನೀನಾ? ಸರಿ, ಹಾಗಾದ್ರೆ ಓದು. ಇಲ್ಲೇ ಓದು, ಕೇಳ್ತೀನಿ."

ಸಂದಿಯಿಂದ ಯಿನಿಂಗ್‌ಳ ಬೆನ್ನು ಮಾತ್ರ ಕಾಣುತ್ತಿತ್ತು. ಪುಸ್ತಕ ತೆಗೆದುಕೊಂಡಳು, ಹಾಳೆ ತಿರುವಿದಳು, ಭುಜ ಕಿವಿಯವರೆಗೆ ಏರಿತು. ಸುಯ್‌ಪಿಂಗ್ ಗೋಡೆ ಹಿಡಿದು ನಿಂತಿದ್ದಳು. ಗುವೊ ಕಾಯುತ್ತಿದ್ದರು, ಗೋದಾಮಿನಲ್ಲಿ ಮೂಟೆಯ ಹಿಂದಿನ ಇಲಿಗಾಗಿ ಕಾದು ಅಭ್ಯಾಸವಿದ್ದವರು. ಈ ಹುಡುಗಿ ಈಗ ಬಾಯಿ ಬಿಡದಿದ್ದರೆ ಅವರು ಅಡುಗೆಮನೆಯ ಕದ ತೆಗೆಯುತ್ತಾರೆ ಎಂದು ಅವಳಿಗೂ ಗೊತ್ತಿತ್ತು, ನನಗೂ.

ಮೊದಲು ಬಂದದ್ದು ಎಣ್ಣೆ ಕಾಣದ ಗೇಟಿನ ಸದ್ದು. ಆಮೇಲೆ ಒಂದು ಪದ. ಆಮೇಲೆ ವಾಕ್ಯ. ಆಮೇಲೆ ಮಕ್ಕಳು ಬಸ್ಸು ಹತ್ತಿದರು, ಹೊಲಕ್ಕೆ ಹೋದರು, ಸ್ಟ್ರಾಬೆರಿ ಕಿತ್ತರು. ಪ್ರತಿ ಕ್ರಿಯಾಪದದ ಬಾಲವನ್ನೂ ಬಿಡದೆ, ಮೆಟ್ಟಿಲುಗಳ ಉದ್ದಕ್ಕೂ ಕೇಳುವ ಗಂಟಲಿನಲ್ಲಿ. ನಾನು ಕೈ ಕಚ್ಚಿ ಹಿಡಿದು ನಿಂತೆ.

"ಸಾಕು" ಎಂದರು ಗುವೊ.

ಯಿನಿಂಗ್ ಹಾಳೆ ತಿರುವಿದಳು.

"ಸಾಕಮ್ಮ, ನಂಬಿದೆ."

ಅವಳು ಪಾಠದ ಕೊನೆಯ ಪ್ರಶ್ನೆಗಳನ್ನೂ ಓದಿದಳು, ಪ್ರತಿ ಪ್ರಶ್ನೆಯ ನಾಲ್ಕು ಆಯ್ಕೆಗಳನ್ನೂ ಓದಿದಳು. ಗುವೊ ಎರಡೂ ಕೈ ಎತ್ತಿ ಹಿಂದೆ ಹಿಂದೆ ಸರಿದು ಲಿಫ್ಟಿನ ಗುಂಡಿ ಒತ್ತಿದರು. "ನಿದ್ದೆ ಹೊತ್ತು ಬಿಟ್ಟು ಯಾವಾಗ್ಬೇಕಾದ್ರೂ ಓದ್ಕೋ ತಾಯಿ!"

ಯಿನಿಂಗ್ ತಿರುಗಿದಳು. ಮುಖ ಕೆಂಪಾಗಿತ್ತು, ನಗುತ್ತಿದ್ದಳು. ಬಾಗಿಲು ತೆರೆದೇ ಇತ್ತು, ಲಿಫ್ಟ್ ಇನ್ನೂ ಬಂದಿರಲಿಲ್ಲ. ಅಡುಗೆಮನೆಯ ಕಡೆಗೆ, ಈಗಷ್ಟೇ ಸಿಕ್ಕ ಅಷ್ಟೂ ಧ್ವನಿಯಲ್ಲಿ, ಅವಳು ಕೂಗಿದಳು:

"ಮೇಡಂ! ಕೇಳಿಸ್ತಾ ಮೇಡಂ?"

ಗುವೊ ತಲೆ ತಿರುಗಿಸಿದರು. ಲಿಫ್ಟ್ ಬಂತು. ಅವರು ಒಳಗೆ ಹೋದರು, ಬಾಗಿಲು ಮುಚ್ಚಿತು.

ಸುಯ್‌ಪಿಂಗ್ ಅಡುಗೆಮನೆಯ ಕದ ತೆಗೆದು ನನ್ನನ್ನು ನೋಡಿದಳು. ಯಿನಿಂಗ್‌ಗೆ ಏನೂ ಹೊಳೆದಿರಲಿಲ್ಲ. ಅವಳು ಮುಂದಿನ ಪಾಠ ತೆಗೆದು ಅದನ್ನೂ ಜೋರಾಗಿ ಓದಲು ಶುರು ಮಾಡಿದ್ದಳು.

ಆ 'ಮೇಡಂ' ಗುವೊ ಅವರ ಕಿವಿಗೆ ಬಿದ್ದಿತ್ತು. ಇಲಾಖೆಯವರು ಈ ವಾರ ಬಂದರೆ ಈ ಹುಡುಗಿಯ ಗಂಟಲು ಮತ್ತೆ ಮುಚ್ಚುತ್ತದೆ, ಈ ಸಲ ಯಾರ ಮಾತೂ ಅದನ್ನು ತೆರೆಯುವುದಿಲ್ಲ. ಹೆದರಿ ನಾನೇ ಬರುವುದು ನಿಲ್ಲಿಸಿದರೂ ತಾನು ಓದಿದ್ದಕ್ಕೇ ಹೀಗಾಯಿತೆಂದು ಅವಳು ತಿಳಿದುಕೊಳ್ಳುತ್ತಾಳೆ. ಹೋಗುವಂತಿಲ್ಲ, ಇರುವಂತಿಲ್ಲ. ಸಂಜೆ ಕೆಳಗಿಳಿದು ಗುವೊ ಅವರ ಬಾಗಿಲು ತಟ್ಟಿದೆ.

ಅವರು ಬೋಗುಣಿಯ ಬಿಸಿನೀರಿನಲ್ಲಿ ಪಾದ ಅದ್ದಿ ಕುಳಿತಿದ್ದರು. "ಬನ್ನಿ ಮೇಡಂ" ಎಂದರು. ನನ್ನ ಕಾಲು ಅಲ್ಲೇ ನಿಂತಿತು.

"ಕೂತ್ಕೊಳ್ಳಿ. ಇವತ್ತು ಗೊತ್ತಾಗಿದ್ದು ಅಂದ್ಕೊಂಡ್ರಾ? ಎರಡು ವರ್ಷದಿಂದ ನನ್ನ ತಲೆ ಮೇಲೊಬ್ಳು ಅಡುಗೆಯವಳು. ಒಂದು ದಿನ ಹಲಗೆ ಮೇಲೆ ಕತ್ತಿ ಬಿದ್ದ ಸದ್ದಿಲ್ಲ, ಬಾಣಲೆ ಚರ್ ಅಂದಿಲ್ಲ. ಸದ್ದಿಲ್ಲದೆ ಅಡುಗೆ ಮಾಡೋ ಹೆಂಗಸನ್ನ ಹುಟ್ಟಿದಾಗಿಂದ ನೋಡಿಲ್ಲ ನಾನು."

"ಹಾಗಿದ್ರೆ ಯಾಕೆ ದೂರು ಕೊಡ್ಲಿಲ್ಲ?"

"ಖಾತ್ರಿ ಇರಲಿಲ್ಲ. ಬರೀ ಅನುಮಾನದ ಮೇಲೆ ಫೋನ್ ಮಾಡೋ ಮನುಷ್ಯ ನಾನಲ್ಲ." ಪಾದ ಒಂದನ್ನು ಮೇಲೆತ್ತಿ ಒರೆಸಿಕೊಂಡರು. "ಈಗ ಖಾತ್ರಿ ಆಯ್ತು."

ನಾನು ಬೇಡಿಕೊಂಡೆ. ಕೆಲಸಕ್ಕಾಗಲಿ, ದಂಡ ಕಟ್ಟುವಾಗಾಗಲಿ ಯಾರನ್ನೂ ಹಾಗೆ ಬೇಡಿಕೊಂಡಿರಲಿಲ್ಲ. ಪರೀಕ್ಷೆ ಮುಗಿಯುವವರೆಗೆ ತಡೆಯಿರಿ ಎಂದೆ. ಅದಕ್ಕವರು ಬೋಗುಣಿಯ ನೀರು ಚೆಲ್ಲುವಷ್ಟು ಸಿಟ್ಟಾದರು.

"ನನ್ನನ್ನ ಏನಂದ್ಕೊಂಡಿದೀರ್ರೀ? ಪರೀಕ್ಷೆ ಮಗು ಇರೋ ಮನೆಗೆ ಈ ವಾರ ಅಧಿಕಾರಿಗಳನ್ನ ಕಳಿಸ್ತಾರಾ ಯಾರಾದ್ರೂ? ಆಚೆ ಬೀದಿ ಕಟ್ಟಡದ ಕೆಲಸ ನಿಲ್ಸಿದಾರೆ, ಕುಣಿಯೋ ಹೆಂಗಸ್ರು ಸ್ಪೀಕರ್ ಆಫ್ ಮಾಡಿದಾರೆ, ನಾನು ಕುರ್ಚಿ ಕಾಲಿಗೆ ಬಟ್ಟೆ ಸುತ್ತಿದೀನಿ ನೋಡಿ. ಇವತ್ತು ಬಾಗಿಲು ಬಡಿದಿದ್ದೇ ನನ್ನ ತಪ್ಪು. ನಿದ್ದೆಗಣ್ಣಲ್ಲಿದ್ದೆ."

ನಿಜವಾಗಿಯೂ ಸುತ್ತಿದ್ದರು. ನಾಲ್ಕೂ ಕಾಲಿಗೆ.

"ಥ್ಯಾಂಕ್ಸ್ ಸಾಹೇಬ್ರೇ."

"ಥ್ಯಾಂಕ್ಸ್ ಯಾಕೆ? ಕೊನೇ ಪರೀಕ್ಷೆಯ ಕೊನೇ ಗಂಟೆ ಹೊಡೀಲಿ, ಆಮೇಲೆ ಮಾಡ್ತೀನಿ ಫೋನು. ಕಾನೂನು ಕಾನೂನೇ."

ಅದರ ಮೇಲೆ ಚೌಕಾಸಿ ಸಾಧ್ಯವಿಲ್ಲವೆಂದು ಮುಖ ನೋಡಿಯೇ ತಿಳಿಯಿತು. ಒಂದೇ ಒಂದು ಕೇಳಿದೆ. "ಹುಡುಗಿ ಓದಿದ್ದರಿಂದ ಗೊತ್ತಾಯ್ತು ಅಂತ ಮಾತ್ರ ಹೇಳ್ಬೇಡಿ."

"ಮತ್ತೆ ಏನಂತ ಹೇಳ್ಲಿ?"

"ಅಡುಗೆಮನೇಲಿ ಸದ್ದಿರಲಿಲ್ಲ, ಅದಕ್ಕೆ ಅನುಮಾನ ಬಂತು ಅಂತ."

ಅವರು ಯೋಚಿಸಿದರು. "ಅದು ಸುಳ್ಳಲ್ಲ" ಎಂದು ಒಪ್ಪಿದರು.

ಆ ವಾರವೆಲ್ಲ ಯಿನಿಂಗ್ ಕಿಟಕಿ ತೆರೆದು ಓದಿದಳು, ನಿದ್ದೆಯ ಹೊತ್ತು ಬಿಟ್ಟು. ಎದುರು ಕಟ್ಟಡದ ಒಬ್ಬಾಕೆ ಬಟ್ಟೆ ಒಣಹಾಕುತ್ತ ಒಂದು ವಾಕ್ಯವನ್ನು ಅಣಕಿಸಿದಳು. ಯಿನಿಂಗ್ ಅವಳ ಉಚ್ಚಾರ ತಿದ್ದಿದಳು. ಪ್ರತಿ ಸಲ ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳವಾದಾಗ ನಾನೂ ಸುಯ್‌ಪಿಂಗೂ ಉಸಿರು ಹಿಡಿಯುತ್ತಿದ್ದೆವು. ಯಾರೂ ಬರಲಿಲ್ಲ. ಗುವೊ ಲಿಫ್ಟಿನಲ್ಲಿ ಸಿಕ್ಕಾಗ ಮೇಲಿನ ದೀಪ ನೋಡುತ್ತ ನಿಲ್ಲುತ್ತಿದ್ದರು.

ಮಾತಿನ ಪರೀಕ್ಷೆಯ ದಿನ ಶಾಲೆಯ ಗೇಟಿನ ಹೊರಗೆ ತಾಯಂದಿರ ಜಾತ್ರೆ. ಶುಭವಾಗಲೆಂದು ಎಲ್ಲರೂ ಛೀಪಾವೊ ಎಂಬ ಮೈಗಂಟುವ ಕೆಂಪು ನಿಲುವಂಗಿ ತೊಟ್ಟಿದ್ದರು. ಸುಯ್‌ಪಿಂಗ್ ಎರವಲು ತಂದದ್ದರ ಪಕ್ಕೆ ಬಿಗಿದು ಅವಳಿಗೆ ಕೂರಲೂ ಆಗುತ್ತಿರಲಿಲ್ಲ. ನಾನು ರಸ್ತೆಯಾಚೆ ಚಹಾದಂಗಡಿಯ ನೆರಳಿನಲ್ಲಿ ನಿಂತೆ. ಕೊನೆಯ ಗಂಟೆ ಹೊಡೆಯಿತು. ಮಕ್ಕಳು ಹೊರಬಂದರು. ಯಿನಿಂಗ್ ತಾಯಿಯನ್ನು ದಾಟಿ ಗುಂಪಿನಾಚೆ ನನ್ನನ್ನು ಕಂಡಳು.

"ಮೇಡಂ!"

ಜನರ ನಡುವೆ ಎಷ್ಟೋ ಹೆಂಗಸರು ಬೆಚ್ಚಿ ತಿರುಗಿದರು. ಅವರಲ್ಲಿ ಹಲವರ ಕೈಯಲ್ಲಿ ತರಕಾರಿ ಚೀಲವಿತ್ತು.

ಓಡಿ ಬಂದಳು. ಗಂಟಲು ಒಡೆದಿತ್ತು. "ಎಲ್ಲ ಸಲಾನೂ ಪರದೆ ಮೇಲೆ ಧ್ವನಿಯ ಹಸಿರು ಗೆರೆ ಬಂತು ಮೇಡಂ! ಒಂದೂ ತಪ್ಪಲಿಲ್ಲ. ಎಲ್ಲರೂ ಕಿರಿಚ್ತಿದ್ರು, ನನಗೆ ನನ್ನದೇ ಕೇಳ್ಸಲಿಲ್ಲ, ಅದಕ್ಕೆ ಇನ್ನೂ ಜೋರಾಗಿ ಹೇಳಿದೆ. ಪಕ್ಕದ ಹುಡುಗ ತನ್ನ ಉತ್ತರ ಬಿಟ್ಟು ನಂದನ್ನೇ ಹೇಳಿದ!"

"ಸರಿಯಾಗಿ ಹೇಳಿದ್ನಾ?"

"ಬಹುವಚನ ಬಿಟ್ಟ."

ಹಿಂದೆಯೇ ಬಂದ ಸುಯ್‌ಪಿಂಗ್ ಮಗಳ ಭುಜದ ಮೇಲೆ ತಲೆಯಿಟ್ಟು ಅತ್ತಳು, ಛೀಪಾವೊದ ಹೊಲಿಗೆ ಒಂದು ಕಡೆ ಪಟ್ಟೆಂದು ಬಿಟ್ಟಿತು. ಯಿನಿಂಗ್ ತಾಯಿಯ ಬೆನ್ನು ತಟ್ಟುತ್ತ ನನ್ನನ್ನು ನೋಡಿದಳು. "ನಾಳೆ ಊಟಕ್ಕೆ ಬನ್ನಿ. ಅಮ್ಮ ಮೀನು ಮಾಡ್ತಾಳೆ."

"ನಾಳೆ ಇರಲ್ಲ ಕಣೆ. ಊರಿಗೆ ಹೋಗ್ಬೇಕು. ಅಕ್ಕಂಗೆ ಮೊಣಕಾಲು ಆಪರೇಷನ್."

"ನಿಮಗೆ ಅಕ್ಕ ಇದಾರಾ?"

"ಇದಾಳೆ." ನನಗೆ ಅಕ್ಕ ಅಲ್ಲೇ, ಆ ಚಹಾದಂಗಡಿಯ ಮುಂದೆ ಹುಟ್ಟಿದಳು.

ಯಿನಿಂಗ್ ನಗು ನಿಲ್ಲಿಸಿದಳು. ನನ್ನ ಹತ್ತಿರ ಬಂದು ತುಟಿ ಆಡಿಸಿದಳು. ಏನು ಕೇಳಿದಳೆಂದು ನನಗೆ ತಿಳಿಯಿತು. ಎರಡು ವರ್ಷ ನಾನು ಓದಿದ ತುಟಿಗಳು ಅವು.

"ಕೇಳ್ಸಲಿಲ್ಲ. ಜೋರಾಗಿ ಕೇಳು."

"ಯಾರಾದ್ರೂ ಬಂದಿದ್ರಾ?" ರಸ್ತೆಯವರೆಲ್ಲ ತಿರುಗುವ ಹಾಗೆ ಕೇಳಿದಳು.

"ಯಾರೂ ಬಂದಿಲ್ಲ" ಎಂದೆ, ನಾನೂ ಅಷ್ಟೇ ಜೋರಾಗಿ. ಅದು ನಿಜವೇ ಆಗಿತ್ತು. ಕೊನೆಯ ಗಂಟೆ ಹೊಡೆದು ಇನ್ನೂ ಸ್ವಲ್ಪವೇ ಹೊತ್ತಾಗಿತ್ತು, ಗುವೊ ಸಾಹೇಬರು ಮಾತಿಗೆ ತಪ್ಪುವ ಮನುಷ್ಯರಲ್ಲ.